ನರಕೋಶದೊಳಗಿನ ಹಮಾಲರು

ನನ್ನಲ್ಲಿ ವಿಜ್ಞಾನ ಕಲಿತ ಹಳೆಯ ವಿದ್ಯಾರ್ಥಿ ಮಿತ್ರರಿಗೆ ಒಂದು ತಿದ್ದುಪಡಿ ಹೇಳುವುದು ಬಾಕಿಯಿದೆ. ನರವೆಂದರೆ ಟೆಲಿಫೋನ್ ತಂತಿಯಿದ್ದಂತೆ ಎಂದು ಹೇಳಿ, ಕರಿಹಲಗೆಯ ಮೇಲೆ ಒಂದು ಗೆರೆ ಎಳೆದು ನಾನು ಪಾಠ ಮುಗಿಸುತ್ತಿದ್ದೆ. ಕನ್ನಡ ಮಾಧ್ಯಮದ ಮೆಟ್ರಿಕ್ಯುಲೇಶನ್‌ನಲ್ಲಿ ನಾನು ಕಲಿತದ್ದೂ ಅಷ್ಟೇ. ಆದರೆ ಆ ಗೆರೆಯೊಳಗೆ ಸಂದೇಶವಷ್ಟೇ ಅಲ್ಲ, ಸರಕೂ ಸಾಗುತ್ತದೆ.

ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಪ್ರೋಟೀನುಗಳೇ ಗ್ರಾಹಕಗಳು. ಅವು ಬಹುಪಾಲು ತಯಾರಾಗುವುದು ಕೋಶದ ಒಡಲಿನಲ್ಲಿ. ಬೇಕಾಗುವುದು ದೂರದ ಕವಲುಗಳಲ್ಲಿ. ಅದಕ್ಕಾಗಿ ಕವಲುಗಳ ಉದ್ದಕ್ಕೂ ಸೂಕ್ಷ್ಮನಾಳಿಕೆಗಳೆಂಬ ಹಾದಿಗಳಿವೆ. ಗ್ರಾಹಕಗಳಿರುವ ಪುಟ್ಟ ಚೀಲಗಳನ್ನು ಹೊತ್ತು, ಕೈನೆಸಿನ್ ಎಂಬ ಚಾಲಕ ಪ್ರೋಟೀನು ಈ ಹಾದಿಯಲ್ಲಿ ಎರಡು ಕಾಲುಗಳಿಂದ ನಡೆಯುತ್ತದೆ. (ವಿಜ್ಞಾನಿಗಳು ಆ ಕಾಲುಗಳನ್ನು ತಲೆಗಳೆನ್ನುತ್ತಾರೆ, ನನಗೇಕೋ ಅದು ಒಗ್ಗದು.) ಒಂದು ಹೆಜ್ಜೆಗೆ ಒಂದು ಎಟಿಪಿ ಅಣು ಖರ್ಚು. ಹೆಜ್ಜೆಯ ಉದ್ದ 8 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎಂಟು ಭಾಗ! ಮುಂದೆ, ಲಾರಿಯಿಂದಿಳಿದ ಮೂಟೆಯನ್ನು ಜೀಪು ತೋಟದ ಮನೆಗೆ ಒಯ್ಯುವಂತೆ, ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಕೊನೆಯ ತುಸು ದೂರದಲ್ಲಿ ನೆರವಾಗುತ್ತದೆ.

ಕೈನೆಸಿನ್ 1985ರಲ್ಲಿ ಅಮೆರಿಕದಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಅಧ್ಯಯನದಿಂದ ಬೆಳಕಿಗೆ ಬಂತು. ನೆನಪಿಗೆ ಅಗತ್ಯವಾದ ಎನ್‌ಎಂಡಿಎ ಗ್ರಾಹಕವನ್ನು ಕೆಐಎಫ್ 17 ಎಂಬ ಕೈನೆಸಿನ್ ಹೊರುತ್ತದೆಂದು 2000ದಲ್ಲಿ ಟೋಕಿಯೋದ ಹಿರೋಕಾವಾ ತಂಡ ತೋರಿಸಿತು. ಈ ಹಮಾಲರನ್ನು ಹೆಚ್ಚಿಸಿದಾಗ ಇಲಿಗಳ ನೆನಪು ಚುರುಕಾಯಿತೆಂದು 2002ರಲ್ಲಿ ಅದೇ ತಂಡ ವರದಿ ಮಾಡಿತು. ನರಕೋಶದೊಳಗಿನ ಸಾಗಣೆಯನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಡಾ. ಸಂಧ್ಯಾ ಕೌಶಿಕ ಅವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ, ಬಳಿಕ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅಭ್ಯಸಿಸಿದ್ದಾರೆ.

ಹಾದಿ ಮುಚ್ಚಿದರೆ ಏನಾಗುವುದೆಂದು ನಮ್ಮವರಿಗೆ ವಿವರಿಸಬೇಕಿಲ್ಲ. 2009ರಿಂದ ರಾತ್ರಿ ಒಂಬತ್ತರ ಬಳಿಕ ಗುಂಡ್ಲುಪೇಟೆ ರಸ್ತೆಯ ಗತಿಯನ್ನು ಬತ್ತೇರಿಯವರೆಲ್ಲ ಬಲ್ಲರು. ನರದಲ್ಲಿಯೂ ಹಾಗಾಗುವುದನ್ನು ನಾನು ನನ್ನ ಮನೆಯಲ್ಲಿಯೇ ಕಂಡೆ. ನನ್ನ ಧರ್ಮಪತ್ನಿಗೆ ಅರ್ಬುದರೋಗಕ್ಕೆ ವಿನ್‌ಕ್ರಿಸ್ಟಿನ್ ಕೊಟ್ಟರು. ನಮ್ಮ ಅಂಗಳದಲ್ಲಿ ಅರಳುವ ಕಾಶಿಕಣಗಿಲೆಯಲ್ಲಿಯೇ ಇರುವ ಔಷಧವದು. ವಿಭಜಿಸುವ ರೋಗದ ಕೋಶಗಳ ಸೂಕ್ಷ್ಮನಾಳಿಕೆಗಳನ್ನು ಅದು ಕೆಡಿಸುತ್ತದೆ. ಆದರೆ ನರದ ಹಾದಿಗಳನ್ನೂ ಬಿಡುವುದಿಲ್ಲ. ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಮೊದಲು ಬಾಧೆಗೊಳಗಾಗುವುವೂ ಅವೇ. ಚಪ್ಪಲಿ ಕಳಚಿದ್ದು ತಿಳಿಯದೆ ಆಕೆ ಅಂಗಳ ದಾಟಿ ಹೋಗುತ್ತಿದ್ದಳು. ರೋಗ ಗುಣವಾಯಿತು. ಔಷಧ ನಿಲ್ಲಿಸಿದ ಮೇಲೆ ಸ್ಪರ್ಶಜ್ಞಾನ ತಿಂಗಳುಗಟ್ಟಲೆ ನಿಧಾನವಾಗಿ ಮರಳಿತು; ಎಡಗಾಲಿನ ಬೆರಳುಗಳಿಗೆ ಮಾತ್ರ ಇನ್ನೂ ಬಂದಿಲ್ಲ.