ಕಿಲೋಮೀಟರಿಗೆ ಆರು ಪೈಸೆ

ಗೂಡ್ಸ್ ಗಾಡಿ ಇಟ್ಟುಕೊಂಡವರಲ್ಲಿ ಬಹಳ ಮಂದಿ ಲಾಭದ ಲೆಕ್ಕ ಹಾಕುವ ರೀತಿ ಒಂದೇ: ಬಾಡಿಗೆ ಎಷ್ಟು ಬಂತು, ಡೀಸೆಲ್‌ಗೆ ಎಷ್ಟು ಹೋಯಿತು, ಉಳಿದದ್ದು ನಮ್ಮದು. ಸಂಜೆ ಜೇಬಿನಲ್ಲಿ ದುಡ್ಡು ಇರುತ್ತದೆ, ಹಾಗಾಗಿ ಲೆಕ್ಕ ಸರಿಯೆನಿಸುತ್ತದೆ. ಆದರೆ ಆ ದುಡ್ಡಿನಲ್ಲಿ ಒಂದು ಪಾಲು ಟೈರಿನದು, ಒಂದು ಪಾಲು ಎಂಜಿನ್ ಆಯಿಲ್‌ನದು, ಒಂದು ಚೂರು ಡೀಸೆಲ್ ಫಿಲ್ಟರ್‌ನದು. ಅವು ತಮ್ಮ ಪಾಲನ್ನು ಅಂದೇ ಕೇಳುವುದಿಲ್ಲ. ಕೇಳುವ ದಿನ ಬಡ್ಡಿ ಸಮೇತ ಕೇಳುತ್ತವೆ.

ಮುಳಬಾಗಿಲು, ಶ್ರೀನಿವಾಸಪುರ ಕಡೆಯ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವ ಬೊಲೆರೊ ಪಿಕಪ್ ನನ್ನದು. ಗಾಡಿಯ ಖರ್ಚಿನ ಪಟ್ಟಿಯಲ್ಲಿ ಅತಿ ಅಗ್ಗದ ಬಾಬತ್ತುಗಳಲ್ಲಿ ಡೀಸೆಲ್ ಫಿಲ್ಟರ್ ಒಂದು. ಹಣದ ಶಿಸ್ತು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆದ್ದರಿಂದ ಈ ಸಲ ಅದೊಂದನ್ನೇ ಹಿಡಿದು ಬರೆಯುತ್ತೇನೆ.

ಮೊದಲು ಅದು ಮಾಡುವ ಕೆಲಸ. ಈಗಿನ ಡೀಸೆಲ್ ಗಾಡಿಗಳಲ್ಲಿ ಇರುವುದು ಕಾಮನ್ ರೈಲ್ ಎಂಜಿನ್. ಅದರ ಪಂಪ್ ಡೀಸೆಲನ್ನು 1,600 ಬಾರ್, ಕೆಲವು ಎಂಜಿನ್‌ಗಳಲ್ಲಿ ಅದಕ್ಕೂ ಹೆಚ್ಚಿನ ಒತ್ತಡಕ್ಕೆ ಏರಿಸುತ್ತದೆ. ಇಂಜೆಕ್ಟರ್ ಅದನ್ನು ಸಿಲಿಂಡರಿಗೆ ಮಂಜಿನಂತೆ ಚಿಮ್ಮಿಸುತ್ತದೆ. ಆ ಒತ್ತಡ ನಿಲ್ಲಬೇಕಾದರೆ ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್ ಇರಬೇಕು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ಧೂಳಿನ ಕಣ ಕೂಡ ಅಲ್ಲಿ ಗೀರು ಹಾಕುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಡೀಸೆಲ್ ಪಂಪ್ ತಯಾರಿಸುತ್ತಿದ್ದ ಕಾಲದಿಂದಲೂ ಈ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ. ಅವರು ಇಂಜೆಕ್ಟರ್ ಬಿಚ್ಚುವ ಮುಂಚೆ ಕೈ ತೊಳೆಯುವುದು ಸುಮ್ಮನೆ ಅಲ್ಲ.

ಧೂಳಿಗಿಂತ ದೊಡ್ಡ ಶತ್ರು ನೀರು. ಡೀಸೆಲ್‌ಗೆ ತನ್ನದೇ ಒಂದು ಜಿಡ್ಡಿದೆ, ಪಂಪಿನ ಒಳಭಾಗಕ್ಕೆ ಆ ಜಿಡ್ಡೇ ಆಯಿಲ್. ನೀರು ಸೇರಿದರೆ ಜಿಡ್ಡು ಹೋಗಿ ಲೋಹ ಲೋಹಕ್ಕೆ ತಾಗುತ್ತದೆ, ತುಕ್ಕೂ ಹಿಡಿಯುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯಲ್ಲಿನ ತೇವ ಹನಿಯಾಗುತ್ತದೆ. ಟ್ರ್ಯಾಕ್ಟರಿಗೆಂದು ತೋಟದಲ್ಲಿಟ್ಟ ಡ್ರಮ್ಮಿನ ಮುಚ್ಚಳ ಸಡಿಲವಿದ್ದರೆ ಮಳೆನೀರು ಇಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ, ಆದ್ದರಿಂದ ಫಿಲ್ಟರ್‌ನ ತಳದಲ್ಲಿ ನಿಲ್ಲುತ್ತದೆ. ಅದನ್ನು ಬಿಡಲು ತಳದಲ್ಲಿ ಒಂದು ತಿರುಪು, ತುಂಬಿತು ಎಂದು ತಿಳಿಸಲು ಒಂದು ಸೆನ್ಸರ್, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ. ಆ ದೀಪ ಹತ್ತಿದ ಮೇಲೂ ಓಡಿಸಿದರೆ ನೀರು ಪಂಪಿಗೆ ಹೋಗುತ್ತದೆ.

ನನ್ನ ಚಿಕ್ಕಪ್ಪನ ಮಗನ ಗಾಡಿಯಲ್ಲಿ ಆದದ್ದು ಇದೇ. ಡ್ರಮ್ಮಿನ ಡೀಸೆಲ್, ಬದಲಿಸದೆ ಬಿಟ್ಟ ಫಿಲ್ಟರ್, ಹತ್ತಿದ ದೀಪವನ್ನು ಸೆನ್ಸರ್ ಕೆಟ್ಟಿದೆ ಎಂದು ತಿಳಿದ ಡ್ರೈವರ್. ಮಳೆಗಾಲದ ಒಂದು ಬೆಳಗಿನ ಜಾವ ಲೋಡಿನ ಸಮೇತ ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಂತಿತು. ಮೆಕ್ಯಾನಿಕ್ ಬಂದು ನೋಡಿ, "ಅಣ್ಣಾ, ನಾಕೂ ನಾಝಲ್ ಹೋಗವೆ, ಟ್ಯಾಂಕೂ ಇಳಿಸಬೇಕು" ಅಂದ. ನಾಲ್ಕು ಇಂಜೆಕ್ಟರ್, ಕೂಲಿ, ಟ್ಯಾಂಕ್ ತೊಳೆದದ್ದು ಎಲ್ಲ ಸೇರಿ ಬಿಲ್ಲು 69,000 ರೂಪಾಯಿ. ಬೇರೆ ಗಾಡಿ ಹಿಡಿದು ಬಾಕ್ಸ್ ಸಾಗಿಸುವ ಹೊತ್ತಿಗೆ ಮಂಡಿಯಲ್ಲಿ ಹರಾಜು ಮುಗಿದಿತ್ತು; ಮಾಲು ಮಾರನೇ ದಿನ ಕಡಿಮೆ ದರಕ್ಕೆ ಹೋಯಿತು.

ಈ ಎರಡನೇ ನಷ್ಟ ಗ್ಯಾರೇಜಿನ ಬಿಲ್ಲಿನಲ್ಲಿ ಬರುವುದಿಲ್ಲ, ಆದ್ದರಿಂದ ಲೆಕ್ಕದಲ್ಲೂ ಬರುವುದಿಲ್ಲ. 2023ರ ಜುಲೈ ನೆನಪಿಸಿಕೊಳ್ಳಿ. ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನೂರು ಬಾಕ್ಸ್ ಲೋಡ್ ಎಂದರೆ ಎರಡು ಲಕ್ಷ ರೂಪಾಯಿಯ ಮಾಲು, ಅದೂ ಬೆಳಗಿನ ಹರಾಜಿಗೆ ಮುಟ್ಟಬೇಕಾದದ್ದು. ಅಂಥ ಲೋಡನ್ನು ರೈತ ನಮ್ಮನ್ನು ನಂಬಿ ಗಾಡಿಗೆ ಏರಿಸುತ್ತಾನೆ. ಒಂದು ಸಲ ಕೈಕೊಟ್ಟ ಗಾಡಿಯನ್ನು ಮುಂದಿನ ಬೆಳೆಗೆ ಯಾರೂ ಕರೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಕೊಳ್ಳುವ ಕಂಪನಿ ಫಿಲ್ಟರಿನ ಬೆಲೆ 1,150 ರೂಪಾಯಿ. 20,000 ಕಿ.ಮೀ.ಗೆ ಒಮ್ಮೆ ಬದಲಿಸುತ್ತೇನೆ. ಈ ಅಂತರ ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಭಾಗಿಸಿದರೆ ಕಿಲೋಮೀಟರಿಗೆ ಆರು ಪೈಸೆಗೂ ಕಡಿಮೆ. ಆ 69,000 ರೂಪಾಯಿಗೆ 60 ಫಿಲ್ಟರ್ ಬರುತ್ತಿದ್ದವು; 60 ಫಿಲ್ಟರ್ ಎಂದರೆ 12 ಲಕ್ಷ ಕಿ.ಮೀ. ಓಟ. ಅಷ್ಟು ದೂರ ಬಾಳುವ ಪಿಕಪ್ ತೀರಾ ಅಪರೂಪ. ಗಾಡಿಯ ಇಡೀ ಆಯುಷ್ಯಕ್ಕೆ ಸಾಕಾಗಿ ಮಿಗುವಷ್ಟು ಫಿಲ್ಟರಿನ ದುಡ್ಡು ಒಂದೇ ಬೆಳಿಗ್ಗೆ ಹೋಯಿತು.

ಇನ್ನೊಂದು ಹೋಲಿಕೆಯನ್ನೂ ನೋಡಿ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ 2 ರೂಪಾಯಿ ಹೆಚ್ಚಾಗಿ ಬೆಂಗಳೂರಿನಲ್ಲಿ ದರ 91 ರೂಪಾಯಿ ಮುಟ್ಟಿತು. ಲೀಟರಿಗೆ 13 ಕಿ.ಮೀ. ಕೊಡುವ ಗಾಡಿಗೆ ಡೀಸೆಲ್ ಖರ್ಚು ಕಿಲೋಮೀಟರಿಗೆ 7 ರೂಪಾಯಿ; ಆ ಏರಿಕೆಯ ಹೊರೆ ಕಿಲೋಮೀಟರಿಗೆ 15 ಪೈಸೆ. ಆ 15 ಪೈಸೆಯ ಬಗ್ಗೆ ನಾವು ಮಂಡಿಯ ಟೀ ಅಂಗಡಿಯಲ್ಲಿ ತಿಂಗಳುಗಟ್ಟಲೆ ಮಾತಾಡಿದೆವು, ಮಾತಾಡಬೇಕಾದದ್ದೂ ಹೌದು. ಆದರೆ ಅದು ನಮ್ಮ ಕೈಯಲ್ಲಿ ಇಲ್ಲ. ಫಿಲ್ಟರಿನ ಆರು ಪೈಸೆ ಪೂರ್ತಿ ನಮ್ಮ ಕೈಯಲ್ಲಿದೆ. ಅದನ್ನೇ "ಮುಂದಿನ ಸರ್ವಿಸಿಗೆ ನೋಡೋಣ" ಎಂದು ಮುಂದೂಡುತ್ತೇವೆ.

ಬದಲಿಸುವ ಕೆಲಸ ಕಷ್ಟದ್ದಲ್ಲ. ವಾರಂಟಿ ಇರುವವರೆಗೆ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ, ಬಿಲ್ಲು ಜೋಪಾನವಾಗಿಡಿ. ಆಮೇಲೆ ನೀವೇ ಮಾಡಬಹುದು. ಉಳಿಯುವ ಕೂಲಿ ಇನ್ನೂರು ಮುನ್ನೂರು ರೂಪಾಯಿ, ಅದಕ್ಕಾಗಿ ನಾನು ಸ್ಪ್ಯಾನರ್ ಹಿಡಿಯುವುದಿಲ್ಲ. ಟ್ಯಾಂಕಿನೊಳಗೆ ಏನಿದೆ ಎಂದು ಕಣ್ಣಾರೆ ನೋಡುವ ಅವಕಾಶ ಅದು, ಅದಕ್ಕಾಗಿ ಹಿಡಿಯುತ್ತೇನೆ.

ಎಂಜಿನ್ ತಣ್ಣಗಾಗಿರಬೇಕು, ಕೀ ಆಫ್ ಇರಬೇಕು, ಹತ್ತಿರ ಬೀಡಿ ಸಿಗರೇಟು ಇರಬಾರದು. ಫಿಲ್ಟರ್ ಸುತ್ತಲಿನ ಮಣ್ಣನ್ನು ಮೊದಲು ಬಟ್ಟೆಯಿಂದ ಒರೆಸಿ. ಬಿಚ್ಚಿದ ಮೇಲೆ ಒರೆಸಿದರೆ ಧೂಳು ಒಳಗೇ ಬೀಳುತ್ತದೆ. ಸೆನ್ಸರಿನ ವೈರ್ ಬಿಡಿಸಿ, ಕೆಳಗೆ ತೊಳೆದು ಒಣಗಿಸಿದ ಗಾಜಿನ ಬಾಟಲಿ ಹಿಡಿದು ತಳದ ತಿರುಪು ಸಡಿಲಿಸಿ. ಬಾಟಲಿಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ಡೀಸೆಲ್ ಶುದ್ಧವಿದ್ದರೆ ಮೇಲಿಂದ ಕೆಳಗಿನವರೆಗೆ ಒಂದೇ ತಿಳಿ ಹಳದಿ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಪದರ, ಎರಡರ ನಡುವೆ ದಾರ ಎಳೆದಂಥ ಗೆರೆ. ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಪಾಚಿಯಂಥದ್ದು ಬೆಳೆದಿದೆ ಎಂದು ಅರ್ಥ, ಟ್ಯಾಂಕ್ ತೊಳೆಸಬೇಕು.

ಹಳೆಯ ಫಿಲ್ಟರ್ ತಿರುಗಿಸಿ ತೆಗೆದ ಮೇಲೆ ಅದರ ಸೆನ್ಸರನ್ನು ಹೊಸದಕ್ಕೆ ಕೂರಿಸಿ, ಹೊಸ ರಬ್ಬರ್ ರಿಂಗಿಗೆ ಒಂದಿಷ್ಟು ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ, ಫಿಲ್ಟರ್ ಮೇಲೆ ಬರೆದಷ್ಟೇ ಬಿಗಿ ಮಾಡಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬುವ ಅಭ್ಯಾಸ ಹಲವರಿಗಿದೆ. ನಡುವಿನ ತೂತಿಗೆ ಸುರಿದದ್ದು ಸೋಸದೆಯೇ ನೇರ ಪಂಪಿಗೆ ಹೋಗುತ್ತದೆ, ಅದು ಬೇಡ. ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಹಳೇ ಜೀಪುಗಳ ಕಾಲದಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದರು. ಕಾಮನ್ ರೈಲಿನಲ್ಲಿ ಆ ಪೈಪುಗಳನ್ನು ಮುಟ್ಟಲೇಬೇಡಿ; ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ನಾಲ್ಕಾರು ನಿಮಿಷ ಓಡಲು ಬಿಟ್ಟು, ಎಲ್ಲಾದರೂ ಒಸರುತ್ತಿದೆಯೇ ಎಂದು ಬೆರಳಿಟ್ಟಲ್ಲ, ಬ್ಯಾಟರಿ ಬೆಳಕಲ್ಲಿ ನೋಡಿ. ಬಾಟಲಿಯ ಡೀಸೆಲನ್ನು ನೆಲಕ್ಕೆ ಚೆಲ್ಲದೆ ಗ್ಯಾರೇಜಿಗೆ ಕೊಡಿ. ಪುರುಸೊತ್ತಿಲ್ಲದವರು ಮೆಕ್ಯಾನಿಕ್ ಕೈಲೇ ಮಾಡಿಸಲಿ, ಆದರೆ ಪಕ್ಕದಲ್ಲಿ ನಿಂತು ಬಾಟಲಿ ಕೇಳಿ ನೋಡಲಿ.

ಫಿಲ್ಟರ್ ಕೊಳ್ಳುವಾಗ ಜಿಪುಣತನ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕಿನ ಸ್ಪೇರ್ ಅಂಗಡಿಯವರೆಗೆ ನಾನೂರು ರೂಪಾಯಿಗೂ ಫಿಲ್ಟರ್ ಸಿಗುತ್ತದೆ. ಉಳಿತಾಯ 750 ರೂಪಾಯಿ, ಅಂದರೆ ಕಿಲೋಮೀಟರಿಗೆ ನಾಲ್ಕು ಪೈಸೆಗೂ ಕಡಿಮೆ. ಅದರೊಳಗಿನ ಕಾಗದ ಎಷ್ಟು ಸೋಸುತ್ತದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲು ಕೊಡುವ ಅಂಗಡಿಯಲ್ಲಿ, ನಿಮ್ಮ ಎಂಜಿನ್‌ಗೆ ಹೊಂದುವ ಪಾರ್ಟ್ ನಂಬರ್ ನೋಡಿ ಕೊಳ್ಳಿ. ಡೀಸೆಲನ್ನೂ ಚೆನ್ನಾಗಿ ವ್ಯಾಪಾರವಿರುವ ಬಂಕಿನಲ್ಲೇ ಹಾಕಿಸಿ. ಅನುಮಾನ ಬಂದರೆ ಸಾಂದ್ರತೆ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

"ವಿಮೆ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ಸಾಮಾನ್ಯ ಮೋಟಾರು ವಿಮೆ ಸವಕಳಿಗೂ ಯಂತ್ರದ ಕೆಡುಕಿಗೂ ದುಡ್ಡು ಕೊಡುವುದಿಲ್ಲ. ಕಲುಷಿತ ಇಂಧನದಿಂದ ಆದ ಹಾನಿಗೆ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ತೆರಿಗೆಯಲ್ಲೂ ಆಸರೆ ಇಲ್ಲ. ಹತ್ತಕ್ಕಿಂತ ಹೆಚ್ಚು ಗೂಡ್ಸ್ ಗಾಡಿ ಇಲ್ಲದ ನಮ್ಮಂಥವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ವಿಧಿ ತಂದ ಸರಳ ಪದ್ಧತಿಯಲ್ಲಿ, ಭಾರೀ ವಾಹನವಲ್ಲದ ಪ್ರತಿ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ಹಿಡಿಯುತ್ತಾರೆ. ರಿಪೇರಿ, ಸವಕಳಿ ಎಲ್ಲವನ್ನೂ ಅದರಲ್ಲೇ ಕಳೆದಾಗಿದೆ ಎಂದು ಲೆಕ್ಕ. ಈ ಪದ್ಧತಿ ಹಿಡಿದವರು 69,000 ರೂಪಾಯಿಯ ಗ್ಯಾರೇಜ್ ಬಿಲ್ಲು ತೋರಿಸಿ ತೆರಿಗೆ ಇಳಿಸಿಕೊಳ್ಳಲು ಬರುವುದಿಲ್ಲ. ಆ ನಷ್ಟ ಪೂರ್ತಿ ಮನೆಯ ದುಡ್ಡಿನಿಂದಲೇ ಹೋಗುತ್ತದೆ.

ಹಾಗಾದರೆ ದುಡ್ಡು ಎಲ್ಲಿಂದ? ಬಾಡಿಗೆಯ ಒಳಗಿನಿಂದಲೇ, ಅವತ್ತಿನದು ಅವತ್ತೇ. ನನ್ನ ಲೆಕ್ಕ ಹೀಗಿದೆ: ಡೀಸೆಲ್ ಫಿಲ್ಟರಿಗೆ ಕಿಲೋಮೀಟರಿಗೆ 6 ಪೈಸೆ. ಎಂಜಿನ್ ಆಯಿಲ್ ಬದಲಿಸಲು 10,000 ಕಿ.ಮೀ.ಗೆ 4,500 ರೂಪಾಯಿ, ಅಂದರೆ 45 ಪೈಸೆ. ನಾಲ್ಕು ಟೈರಿಗೆ 28,000 ರೂಪಾಯಿ, 40,000 ಕಿ.ಮೀ. ಬಾಳಿಕೆ ಹಿಡಿದರೆ 70 ಪೈಸೆ. ಬ್ರೇಕ್, ಕ್ಲಚ್, ಬ್ಯಾಟರಿ, ಗ್ರೀಸ್ ಇತ್ಯಾದಿಗೆ 79 ಪೈಸೆ. ಒಟ್ಟು 2 ರೂಪಾಯಿ. ಗಾಡಿ ನಿಲ್ಲಿಸಿದ ಮೇಲೆ ಮೀಟರ್ ನೋಡಿ, ಓಡಿದ ಕಿಲೋಮೀಟರಿಗೆ ಎರಡರಂತೆ ಮೊಬೈಲಿನಲ್ಲೇ ಬೇರೆ ಉಳಿತಾಯ ಖಾತೆಗೆ ಹಾಕುತ್ತೇನೆ. ತಿಂಗಳಿಗೆ 3,000 ಕಿ.ಮೀ. ಓಡುವ ಗಾಡಿಗೆ ಅದು 6,000 ರೂಪಾಯಿ. ಮನೆಯಲ್ಲಿ ಯಾವ ಖರ್ಚು ಬಂದರೂ ಆ ಖಾತೆಗೆ ಕೈ ಹಾಕುವುದಿಲ್ಲ. ಅದು ಗಾಡಿಯ ದುಡ್ಡು. ಫಿಲ್ಟರ್ ಬದಲಿಸುವ ದಿನ ಬಂದಾಗ ಯೋಚಿಸುವ ಪ್ರಶ್ನೆಯೇ ಇಲ್ಲ, ದುಡ್ಡು ಆಗಲೇ ಕೂತಿರುತ್ತದೆ. ಮುಂದೂಡುವ ಚಾಳಿ ಹುಟ್ಟುವುದು ಬಹುಪಾಲು ದುಡ್ಡು ಎತ್ತಿಡದೆ ಇರುವುದರಿಂದ, ಸೋಮಾರಿತನದಿಂದ ಅಲ್ಲ.

ಇದರಿಂದ ಸಿಗುವ ದೊಡ್ಡ ಲಾಭ ಬಾಡಿಗೆ ಕುದುರಿಸುವಾಗ ಗೊತ್ತಾಗುತ್ತದೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ., ಹೋಗಿ ಬಂದರೆ 140. ಡೀಸೆಲ್ 980 ರೂಪಾಯಿ, ಗಾಡಿಯ ಖಾತೆಗೆ 280. ಯಾರಾದರೂ 2,500ಕ್ಕೆ ಕರೆದರೆ ಡೀಸೆಲ್ ಮಾತ್ರ ಎಣಿಸುವವನಿಗೆ 1,520 ಉಳಿದಂತೆ ಕಾಣುತ್ತದೆ. ನನಗೆ ಕಾಣುವುದು 1,240, ಅದರಲ್ಲೇ ಟೋಲ್, ಡ್ರೈವರ್ ಬಾಟಾ, ಸಾಲದ ಕಂತು, ವಿಮೆ ಎಲ್ಲ ಆಗಬೇಕು. ಎಲ್ಲಿಯವರೆಗೆ ಇಳಿಯಬಹುದು, ಎಲ್ಲಿ "ಆಗಲ್ಲ ಸಾರ್, ಬೇರೆ ಗಾಡಿ ನೋಡ್ಕೊಳ್ಳಿ" ಎನ್ನಬೇಕು ಎಂದು ಈ ಲೆಕ್ಕ ಇದ್ದವನಿಗೆ ಮಾತ್ರ ಗೊತ್ತು. ಲೆಕ್ಕ ಇಲ್ಲದವನು ದರ ಇಳಿಸಿ ಬಾಡಿಗೆ ಹಿಡಿಯುತ್ತಾನೆ, ತನ್ನ ಟೈರನ್ನೂ ಫಿಲ್ಟರನ್ನೂ ವ್ಯಾಪಾರಿಗೆ ಪುಕ್ಕಟೆ ಕೊಟ್ಟು ಬರುತ್ತಾನೆ.

ಗಾಡಿ ನಂಬಿ ಬದುಕುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇಷ್ಟು. ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಿ ಬರೆದಿಡಿ: ಈಗಿನ ಮೀಟರ್ ರೀಡಿಂಗ್, ಡೀಸೆಲ್ ಫಿಲ್ಟರ್ ಕೊನೆಯ ಸಲ ಬದಲಿಸಿದಾಗಿನ ರೀಡಿಂಗ್, ಕೈಪಿಡಿ ಹೇಳುವ ಅಂತರ. ಅಂತರ ಮೀರಿದ್ದರೆ ಮುಂದಿನ ಲೋಡಿಗೆ ಮುಂಚೆ ಬದಲಿಸಿ. ಮೀರಿಲ್ಲದಿದ್ದರೆ ಇವತ್ತಿನ ಬಾಡಿಗೆಯಿಂದಲೇ ಕಿಲೋಮೀಟರಿಗೆ ಎರಡು ರೂಪಾಯಿ ಎತ್ತಿಡಲು ಶುರುಮಾಡಿ.