ಸಭಾಂಗಣದಲ್ಲಿ ಧ್ವನಿವರ್ಧಕಗಳನ್ನು ತೂಗುವ ಕ್ರಮ: ಒಂದು ವಿವೇಚನೆ

ಕನ್ನಡದಲ್ಲಿ ‘ಭಾರ’ ಎಂಬ ಶಬ್ದಕ್ಕೆ ತೂಕವೆಂಬುದು ಒಂದು ಅರ್ಥ, ಹೊಣೆಯೆಂಬುದು ಇನ್ನೊಂದು. ಈ ಎರಡು ಅರ್ಥಗಳೂ ಏಕಕಾಲದಲ್ಲಿ ಸಲ್ಲುವ ಕಾರ್ಯಗಳು ಕೆಲವುಂಟು. ಜನ ನೆರೆದ ಸ್ಥಳದಲ್ಲಿ ಅವರ ತಲೆಯ ಮೇಲೆ ಧ್ವನಿವರ್ಧಕಗಳನ್ನು ತೂಗುಹಾಕುವುದು ಅಂಥ ಕಾರ್ಯಗಳಲ್ಲೊಂದು. ಹಿಂದೆ ಕಂಬಕ್ಕೆ ಕಟ್ಟುತ್ತಿದ್ದ ತುತ್ತೂರಿಯಾಕಾರದ ಧ್ವನಿವರ್ಧಕವು ಹಗುರವಾದುದಾಗಿತ್ತು. ಇಂದು ಪೆಟ್ಟಿಗೆಗಳನ್ನು ಒಂದರ ಕೆಳಗೊಂದರಂತೆ ಪೋಣಿಸಿ, ಟ್ರಸ್ ಎನಿಸಿಕೊಳ್ಳುವ, ಲೋಹದ ಕೊಳವೆಗಳನ್ನು ತ್ರಿಕೋನಾಕಾರವಾಗಿ ಬೆಸೆದ ತೊಲೆಯಿಂದ ಇಳಿಬಿಡುತ್ತಾರೆ. ಇಂಥ ಒಂದು ಸಾಲಿನ ತೂಕ ನೂರಾರು ಕಿಲೋಗ್ರಾಂ.

ಇಷ್ಟು ಭಾರವನ್ನು ಮೇಲಕ್ಕೇರಿಸಲು ತಕ್ಕ ಕಾರಣವಿದೆ. ಧ್ವನಿವರ್ಧಕವು ನೆಲದ ಮೇಲಿದ್ದರೆ ಮುಂದಿನ ಸಾಲಿನವರಿಗೆ ಅದು 3 ಮೀಟರ್ ದೂರ, ಹಿಂದಿನ ಸಾಲಿನವರಿಗೆ 30 ಮೀಟರ್ ದೂರ. ಅಂತರ ಹತ್ತು ಪಟ್ಟು. ಮುಂದಿನವರಿಗೆ ಕಿವಿಗಡಚಿಕ್ಕುವಾಗ ಹಿಂದಿನವರಿಗೆ ಮಾತೇ ತಿಳಿಯದು. ಅದನ್ನೇ ಕೇಳುಗರ ಕಿವಿಗಿಂತ 8 ಮೀಟರ್ ಎತ್ತರಕ್ಕೆ ಏರಿಸಿದರೆ ಈ ಅಂತರ ನಾಲ್ಕು ಪಟ್ಟಿಗಿಂತಲೂ ಕಡಿಮೆಯಾಗುತ್ತದೆ. ಸರ್ವರಿಗೂ ಸಮನಾಗಿ ಕೇಳಿಸಬೇಕೆಂಬ ಉದ್ದೇಶವು ಶ್ಲಾಘ್ಯವೇ ಸರಿ. ಆದರೆ ಆ ಉದ್ದೇಶವು ಲೆಕ್ಕದ ದೋಷವನ್ನು ಕ್ಷಮಿಸುವುದಿಲ್ಲ.

ಇದಕ್ಕೆ ನಿದರ್ಶನ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ನಡೆದ ದುರಂತ. 2012ರ ಜೂನ್ 16ರಂದು ಅಲ್ಲಿನ ಡೌನ್ಸ್‌ವ್ಯೂ ಉದ್ಯಾನದಲ್ಲಿ ಇಂಗ್ಲೆಂಡಿನ ‘ರೇಡಿಯೊಹೆಡ್’ ವಾದ್ಯವೃಂದಕ್ಕಾಗಿ ನಿರ್ಮಿಸಿದ್ದ ತಾತ್ಕಾಲಿಕ ರಂಗಮಂಟಪದ ಚಾವಣಿಯು, ತೂಗುಹಾಕಿದ್ದ ಸಾಮಗ್ರಿಗಳ ಸಮೇತ ಕುಸಿದುಬಿತ್ತು. ಪ್ರೇಕ್ಷಕರಿಗೆ ದ್ವಾರ ತೆರೆಯಲು ಇನ್ನು ಸುಮಾರು ಒಂದು ಗಂಟೆಯಿತ್ತು. ವೇದಿಕೆಯ ಮೇಲೆ ಕೆಲಸದಲ್ಲಿದ್ದ, ವೃಂದದ ತಾಳವಾದ್ಯಗಳ ತಂತ್ರಜ್ಞನೊಬ್ಬನು ಮೃತನಾದನು, ಮೂವರು ಗಾಯಗೊಂಡರು. ಇದಕ್ಕೆ ಬಿರುಗಾಳಿ ಕಾರಣವಾಗಿರಲಿಲ್ಲ. 2019ರ ವಿಚಾರಣೆಯಲ್ಲಿ, ವಿನ್ಯಾಸದ ಲೆಕ್ಕದಲ್ಲಿಯೇ ದೋಷವಿದ್ದುದೂ, ಏರಿಸಿದ ಭಾರವನ್ನು ಹೊರಲು ಟ್ರಸ್ಸಿನ ಅಂಗಗಳು ಸಾಲದಾಗಿದ್ದುದೂ ಬೆಳಕಿಗೆ ಬಂದವು. ಅದಕ್ಕೆ ಮುನ್ನ 2013ರಲ್ಲಿ ಹೂಡಿದ್ದ ಮೊಕದ್ದಮೆಯು ವಿಳಂಬದ ಕಾರಣದಿಂದ 2017ರಲ್ಲಿ ನಿಂತುಹೋಗಿತ್ತು. ತೂಕದ ಭಾರ ಕ್ಷಣಮಾತ್ರದಲ್ಲಿ ಕೆಳಗಿಳಿಯಿತು. ಹೊಣೆಯ ಭಾರವನ್ನು ಹೊರುವವರಾರೆಂಬುದು ಏಳು ವರ್ಷವಾದರೂ ಇತ್ಯರ್ಥವಾಗಲಿಲ್ಲ.

ಹಾಗಾದರೆ ಗಮನಿಸಬೇಕಾದ ಅಂಶಗಳಾವುವು?

ಮೊದಲನೆಯದು, ತೂಕದ ಪೂರ್ಣಜ್ಞಾನ. 60 ಕಿಲೋಗ್ರಾಂನ 8 ಪೆಟ್ಟಿಗೆಗಳೆಂದರೆ 480 ಎಂದು ಲೆಕ್ಕ ಮುಗಿಸಲಾಗದು. ಅವನ್ನು ಹಿಡಿದಿರುವ ಚೌಕಟ್ಟು, ಎತ್ತುವ ಚೈನ್ ಬ್ಲಾಕ್, ಸರಪಳಿ, ವಿದ್ಯುತ್ ತಂತಿ ಇವೆಲ್ಲ ಸೇರಿ ಅದು 600 ಆಗಬಹುದು. 2022ರ ಜುಲೈ 28ರಂದು ಹಾಂಗ್‌ಕಾಂಗಿನ ಕಲಿಸಿಯಂ ಸಭಾಂಗಣದಲ್ಲಿ, ಸಂಗೀತ ಕಾರ್ಯಕ್ರಮದ ನಡುವೆಯೇ ಉಕ್ಕಿನ ಹಗ್ಗ ತುಂಡಾಗಿ ಬೃಹತ್ ಚಿತ್ರಪರದೆಯೊಂದು ನರ್ತಕರ ಮೇಲೆ ಬಿತ್ತು. ಒಬ್ಬನು ತೀವ್ರವಾಗಿ ಗಾಯಗೊಂಡನು. ತೂಗುಹಾಕಿದ ಸಾಮಗ್ರಿಗಳ ತೂಕವನ್ನು ವಾಸ್ತವಕ್ಕಿಂತ ಬಹಳ ಕಡಿಮೆಯೆಂದು ತೋರಿಸಿದ್ದುದು ತನಿಖೆಯಲ್ಲಿ ಕಂಡುಬಂದಿತು.

ಎರಡನೆಯದು, ಭಾರದ ಹಂಚಿಕೆ. ಒಂದೇ ಉದ್ದನೆಯ ಟ್ರಸ್ಸಿನಲ್ಲಿ 1600 ಕಿಲೋಗ್ರಾಂ ಸಮನಾಗಿ ಹರಡಿದೆ, ಅದನ್ನು ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ಹಿಡಿದಿದೆ ಎಂದುಕೊಳ್ಳೋಣ. ಮೂರು ಕಡೆಗೂ ಸಮಪಾಲು ಬರುವುದೆಂಬ ಎಣಿಕೆ ತಪ್ಪು. ತುದಿಗಳಿಗೆ 300 ಕಿಲೋಗ್ರಾಂನಂತೆ ಬಂದರೆ, ನಡುವಿನದಕ್ಕೆ 1000 ಕಿಲೋಗ್ರಾಂ, ಎಂದರೆ ಎಂಟರಲ್ಲಿ ಐದು ಪಾಲು ಬೀಳುತ್ತದೆ. ನಡುವಣ ಮೋಟಾರು ಕೊಂಚ ಹೆಚ್ಚು ಎಳೆದರೆ ಅದು ಇನ್ನೂ ಏರುತ್ತದೆ. ಆದುದರಿಂದಲೇ ಪ್ರತಿಯೊಂದು ಬಿಂದುವಿನಲ್ಲಿಯೂ ಭಾರಮಾಪಕವನ್ನಿಟ್ಟು ಪರೀಕ್ಷಿಸುವುದು ವಿಹಿತ.

ಮೂರನೆಯದು, ಕೋನ. 600 ಕಿಲೋಗ್ರಾಂ ಭಾರವನ್ನು ಎರಡು ಹಗ್ಗಗಳಿಂದ ನೇರವಾಗಿ ಎತ್ತಿದರೆ ಒಂದೊಂದರ ಮೇಲೆ 300. ಹಗ್ಗಗಳ ನಡುವಣ ಕೋನ 60 ಡಿಗ್ರಿಯಾದರೆ ಸುಮಾರು 346. 120 ಡಿಗ್ರಿಯಾದರೆ ಒಂದೊಂದರ ಮೇಲೂ ಪೂರ್ತಿ 600. ಹಗ್ಗಗಳು ಎಷ್ಟು ಅಗಲಿದರೆ ಅಷ್ಟು ಅಪಾಯ.

ನಾಲ್ಕನೆಯದು, ಕೊಂಡಿಗಳ ಬಲ. ಉಕ್ಕಿನ ಹಗ್ಗಕ್ಕೆ ಅದು ಹರಿಯುವ ಭಾರದ ಐದನೆಯ ಒಂದು ಪಾಲನ್ನಷ್ಟೇ ಹೊರಿಸುವುದು ಸಾಮಾನ್ಯ ರೂಢಿ. ಕೆಳಗೆ ಜನರಿರುವಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿಸಬಾರದೆಂಬುದು ಅನೇಕ ತಜ್ಞರ ಕಟ್ಟಳೆ. ಭಾರಕ್ಷಮತೆಯನ್ನು ಅಚ್ಚೊತ್ತಿರದ ಶ್ಯಾಕಲ್‌ಗಳನ್ನೂ ಐಬೋಲ್ಟುಗಳನ್ನೂ ಬಳಸಲೇಬಾರದು. ಪಾಲಿಯೆಸ್ಟರ್ ಪಟ್ಟಿಯು ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿಹೋಗುವುದರಿಂದ, ಅದರ ಜೊತೆಗೆ ಉಕ್ಕಿನ ಹಗ್ಗವೊಂದು ಇರತಕ್ಕದ್ದು.

ಐದನೆಯದು, ರಕ್ಷಣೆಯ ಎರಡನೆಯ ಹಗ್ಗ. ಇದು ಸಡಿಲವಾಗಿದ್ದರೆ ಪ್ರಯೋಜನಕ್ಕಿಂತ ಭ್ರಮೆಯೇ ಹೆಚ್ಚು. 100 ಕಿಲೋಗ್ರಾಂ ವಸ್ತುವು 30 ಸೆಂಟಿಮೀಟರ್ ಜಾರಿ, ಮತ್ತೆ 3 ಸೆಂಟಿಮೀಟರಿನೊಳಗೆ ನಿಂತರೆ, ಹಗ್ಗದ ಮೇಲೆ ಬೀಳುವ ಸರಾಸರಿ ಸೆಳೆತ 1100 ಕಿಲೋಗ್ರಾಂ ತೂಕಕ್ಕೆ ಸಮ. ಆದಕಾರಣ ಅದನ್ನು ಸಡಿಲವಿಲ್ಲದಂತೆ ಬಿಗಿದಿರಬೇಕು.

ಬಯಲುವೇದಿಕೆಯಾದರೆ ಗಾಳಿಯೂ ಒಂದು ಭಾರವೇ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಮೇಳದಲ್ಲಿ, ಗಂಟೆಗೆ ಸುಮಾರು 95 ಕಿಲೋಮೀಟರ್ ವೇಗದ ಗಾಳಿಗೆ ರಂಗಮಂಟಪವು ಉರುಳಿ 7 ಮಂದಿ ಮೃತರಾದರು. ಮಂಟಪವನ್ನು ಬಿಗಿದಿದ್ದ ಕಾಂಕ್ರೀಟು ದಿಮ್ಮಿಗಳು ಆ ಸೆಳೆತವನ್ನು ತಡೆಯಲಾರದಾಗಿದ್ದವು. ಎಷ್ಟು ವೇಗದ ಗಾಳಿಗೆ ಧ್ವನಿವರ್ಧಕಗಳನ್ನು ಕೆಳಗಿಳಿಸಬೇಕು, ಎಷ್ಟಕ್ಕೆ ಜನರನ್ನು ಹೊರಕಳಿಸಬೇಕು, ಆ ಆಜ್ಞೆಯನ್ನು ಕೊಡುವವರಾರು ಎಂಬುದನ್ನು ಕಾರ್ಯಕ್ರಮಕ್ಕೆ ಮುನ್ನವೇ ಬರೆದಿಡತಕ್ಕದ್ದು.

ನಮ್ಮ ನಾಡಿನ ಶಾಲಾಮಹೋತ್ಸವಗಳಿಗೂ ಜಾತ್ರೆಯ ವೇದಿಕೆಗಳಿಗೂ ಬಾಡಿಗೆಯ ಟ್ರಸ್ಸುಗಳು ಈಗ ಬರುತ್ತಿವೆ. ಸಂಘಟಕರೂ ದಾನಿಗಳೂ ಯಂತ್ರವಿದ್ಯೆಯನ್ನು ಕಲಿಯಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೇಲೇರುವ ಒಟ್ಟು ತೂಕವೆಷ್ಟು? ಈ ಟ್ರಸ್ಸು ಎಷ್ಟು ಹೊರಬಲ್ಲುದೆಂದು ತಯಾರಕರ ಪಟ್ಟಿ ಹೇಳುತ್ತದೆ? ಇವೆರಡನ್ನೂ ಹೋಲಿಸಿ, ಕೊಂಡಿಗಳನ್ನೆಲ್ಲ ಪರೀಕ್ಷಿಸಿ, ರುಜು ಹಾಕುವ ಅರ್ಹ ವ್ಯಕ್ತಿ ಯಾರು? ಉತ್ತರಗಳು ಕಾಗದದ ಮೇಲೆ ದೊರೆಯುವವರೆಗೆ ಪೆಟ್ಟಿಗೆಗಳು ನೆಲದ ಮೇಲಿರಲಿ. ಹಿಂದಿನ ಸಾಲಿನವರಿಗೆ ಧ್ವನಿ ಕೊಂಚ ಕಡಿಮೆ ಕೇಳಿಸಬಹುದು. ಕೇಳಲು ಬಂದ ಮಕ್ಕಳೂ ಹಿರಿಯರೂ ಕ್ಷೇಮವಾಗಿ ಮನೆ ಸೇರುವರು.