ಇಬ್ಬನಿಗಿಡ: ಅದರ ಗುಣವೂ ಮನೆಯಲ್ಲಿ ಸಾಕುವ ಕ್ರಮವೂ

ಮಳೆಗಾಲವು ಹಿಂದೆಗೆದು ಗದ್ದೆಯ ಬದುಗಳಲ್ಲಿ ನೀರು ತಿಳಿಯಾಗುವ ಕಾಲಕ್ಕೆ ಸಕಲೇಶಪುರದ ಸೀಮೆಯ ಗುಡ್ಡಗಳಲ್ಲಿ ಬೆಳಗ್ಗೆ ನಡೆದು ಹೋದವರು ಒಂದು ವಿಚಿತ್ರವನ್ನು ನೋಡಿರಬಹುದು. ಬಿಸಿಲೇರಿ ಹುಲ್ಲಿನ ಮೇಲಣ ಹನಿಯೆಲ್ಲಾ ಆರಿಹೋದ ಮೇಲೆಯೂ, ನೀರು ಜಿನುಗುವ ಬಡ ನೆಲದಲ್ಲಿ, ನಾಣ್ಯದಗಲದ ಕೆಂಪು ಗಿಡಗಳು ಮಾತ್ರ ಹನಿಹನಿಯಾಗಿ ಹೊಳೆಯುತ್ತಿರುವುವು. ಅದನ್ನು ಬೆರಳಿನಿಂದ ಮುಟ್ಟಿದರೆ ನೀರಲ್ಲ, ಅಂಟು ಎಂಬುದು ತಿಳಿಯುವುದು. ಇನ್ನೂ ಬಗ್ಗಿ ನೋಡಿದರೆ ಆ ಅಂಟಿನಲ್ಲಿ ಸೊಳ್ಳೆಯದೋ ಇರುವೆಯದೋ ಒಣಗಿದ ದೇಹವು ಕಾಣುವುದು. ಇದೇ ನಮ್ಮ ಪಾಠದ ವಿಷಯವಾದ ಇಬ್ಬನಿಗಿಡ.

ಈ ಪಾಠವನ್ನು ನಾನು ಮೊದಲು ಪುಸ್ತಕದಿಂದ ಕಲಿತವಳಲ್ಲ, ಒಂದು ತಪ್ಪಿನಿಂದ ಕಲಿತೆನು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ತನ್ನ ಊರಿನ ರಸ್ತೆಯ ಬದಿಯಿಂದ ಈ ಗಿಡಗಳನ್ನು ಒಂದು ಹಿಡಿ ಮಣ್ಣಿನೊಡನೆ ಕಿತ್ತು, ಬಾಳೆಯೆಲೆಯಲ್ಲಿ ಸುತ್ತಿ ತರಗತಿಗೆ ತಂದಳು. ನಾನು ಬಹಳ ಸಂತೋಷಪಟ್ಟು, ಒಳ್ಳೆಯ ಕೆಂಪು ಮಣ್ಣಿಗೆ ಹಟ್ಟಿಗೊಬ್ಬರವನ್ನೂ ಕೊಳೆತ ಕಾಫಿಸಿಪ್ಪೆಯನ್ನೂ ಕೂಡಿಸಿ ಕುಂಡವನ್ನು ಸಿದ್ಧಮಾಡಿ, ಅದರಲ್ಲಿ ಅವುಗಳನ್ನು ನೆಟ್ಟು, ನಲ್ಲಿಯಿಂದ ಬರುವ ಕೊಳವೆಬಾವಿಯ ನೀರನ್ನೆರೆದು, ಕೊಠಡಿಯ ಕಪಾಟಿನ ಮೇಲಿಟ್ಟೆನು. ಮೂರು ವಾರಗಳೊಳಗೆ ಗಿಡಗಳೆಲ್ಲಾ ಕಪ್ಪಾದುವು. ಆಗ ಆ ಹುಡುಗಿಯು, “ಟೀಚರ್, ಅವು ಇದ್ದ ಜಾಗದಲ್ಲಿ ಗೊಬ್ಬರವೇ ಇರಲಿಲ್ಲವಲ್ಲಾ?” ಎಂದು ಕೇಳಿದಳು. ಉಪಾಧ್ಯಾಯಿನಿಗೆ ತೋರದಿದ್ದ ಪ್ರಶ್ನೆಯು ಶಿಷ್ಯೆಗೆ ತೋರಿತು. ಮುಂದೆ ಹೇಳುವುದೆಲ್ಲವೂ ಆ ಪ್ರಶ್ನೆಗೆ ಉತ್ತರವೆಂದೇ ತಿಳಿಯಿರಿ.

ಹೆಸರೂ ಜಾತಿಗಳೂ

ಸಸ್ಯಶಾಸ್ತ್ರದಲ್ಲಿ ಈ ಕುಲಕ್ಕೆ ಡ್ರಾಸಿರಾ ಎಂದು ಹೆಸರು. ಇಬ್ಬನಿಯಿಂದ ಕೂಡಿದ್ದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಇದು ಬಂದಿದೆ. ಲೋಕದಲ್ಲಿ ಈ ಕುಲದ ಜಾತಿಗಳು 200ಕ್ಕೂ ಮೇಲ್ಪಟ್ಟು ಇರುವುವು. ಭಾರತದಲ್ಲಿ ಪ್ರಸಿದ್ಧವಾದವು ಮೂರು. ಈ ಮೂರೂ ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ದೊರೆಯುವುವು.

ಮೊದಲನೆಯದು ಡ್ರಾಸಿರಾ ಬರ್ಮನೈ. ಇದು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಎಲೆಗಳನ್ನು ಹರಡುವುದು, ಅಗಲವು ಎರಡು ಮೂರು ಸೆಂಟಿಮೀಟರ್ ಮಾತ್ರ, ಹೂವು ಬಿಳಿಯದು. ಎರಡನೆಯದು ಡ್ರಾಸಿರಾ ಇಂಡಿಕಾ. ಇದಕ್ಕೆ ದಂಟುಂಟು, ಎಲೆಗಳು ದಾರದಂತೆ ಸಪುರವಾಗಿಯೂ ಉದ್ದವಾಗಿಯೂ ಇರುವುವು. ಇವೆರಡೂ ಸಾಮಾನ್ಯವಾಗಿ ಒಂದೇ ವರ್ಷ ಬದುಕಿ, ಹೂ ಬಿಟ್ಟು, ಬೀಜವನ್ನುದುರಿಸಿ ಸಾಯತಕ್ಕವು. ಮೂರನೆಯದು ಡ್ರಾಸಿರಾ ಪೆಲ್ಟೇಟಾ. ಇದರ ಎಲೆಯು ಪುಟ್ಟ ಗುರಾಣಿಯಂತಿರುವುದು. ಬೇಸಗೆಯಲ್ಲಿ ಮೇಲಿನ ಗಿಡವು ಒಣಗಿ, ನೆಲದೊಳಗಿನ ಗೆಡ್ಡೆಯು ಮುಂದಿನ ಮಳೆಯ ತನಕ ನಿದ್ರಿಸುವುದು.

ನಮ್ಮ ಜಿಲ್ಲೆಯ ಗಿಡಮರಗಳನ್ನು ಕುರಿತು ಸಿ. ಜೆ. ಸಲ್ಡಾನ್ಹಾ ಮತ್ತು ಡಿ. ಎಚ್. ನಿಕೋಲ್ಸನ್ ಎಂಬ ವಿದ್ವಾಂಸರು ಸಂಪಾದಿಸಿದ ದೊಡ್ಡ ಗ್ರಂಥವೊಂದು 1976ರಲ್ಲಿ ಪ್ರಕಟವಾಯಿತು. ಒಂದು ಜಿಲ್ಲೆಯ ಸಸ್ಯಗಳಿಗೆ ಇಷ್ಟು ಗೌರವವು ದೊರೆತುದು ಸಾಮಾನ್ಯ ವಿಷಯವಲ್ಲ. ನಮ್ಮ ಹುಡುಗಿಯರು ತಮ್ಮ ಮನೆಯ ಹಿಂದಿನ ಹುಲ್ಲನ್ನು ಕೀಳಾಗಿ ಎಣಿಸದಿರಲೆಂದು ಇದನ್ನು ಹೇಳಿದೆನು.

ಎಲೆಯು ಕೀಟವನ್ನು ಹಿಡಿಯುವ ಬಗೆ

ಎಲೆಯ ಮೇಲೆಲ್ಲಾ ಕೂದಲಿನಂತಹ ಕೆಂಪು ಕುಡಿಗಳಿರುವುವು. ಪ್ರತಿಯೊಂದು ಕುಡಿಯ ತುದಿಯಲ್ಲಿಯೂ ಒಂದು ಗ್ರಂಥಿಯಿದ್ದು, ಅದು ಅಂಟಾದ ರಸವನ್ನು ಸುರಿಸುವುದು. ಹೊಳಪಿಗೆ ಮರುಳಾಗಿ ಬಂದ ಕೀಟವು ಅದರಲ್ಲಿ ಕಾಲಿಟ್ಟು ಬಿಡಿಸಿಕೊಳ್ಳಲು ಹೆಣಗಿದಷ್ಟೂ ಹೆಚ್ಚು ಕುಡಿಗಳಿಗೆ ತಗಲುವುದು. ಆಗ ಸುತ್ತಲಿನ ಕುಡಿಗಳು ಅದರ ಕಡೆಗೆ ಬಾಗುವುವು. ಬರ್ಮನೈ ಜಾತಿಯಲ್ಲಿ ಎಲೆಯಂಚಿನ ಕುಡಿಗಳು ಕೆಲವೇ ಸೆಕೆಂಡುಗಳಲ್ಲಿ ಮಡಚಿಕೊಳ್ಳುವುವು. ಅನಂತರ ನಮ್ಮ ಜಠರದಲ್ಲಿ ಆಗುವಂತೆಯೇ ಜೀರ್ಣಕಾರಿ ರಸಗಳು ಒಸರಿ, ಕೀಟದ ಮೃದುವಾದ ಭಾಗವನ್ನು ಕರಗಿಸುವುವು. ಎಲೆಯು ಆ ಸಾರವನ್ನು ಹೀರುವುದು. ಕೆಲವು ದಿನಗಳ ಮೇಲೆ ಕುಡಿಗಳು ಮತ್ತೆ ನಿಮಿರಿ, ಬರಿಯ ಚಿಪ್ಪು ಮಾತ್ರ ಉಳಿಯುವುದು.

ಇದನ್ನು ಮೊದಲು ವಿಸ್ತಾರವಾಗಿ ಪರೀಕ್ಷಿಸಿದವರು ಚಾರ್ಲ್ಸ್ ಡಾರ್ವಿನ್. 1860ರ ಬೇಸಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಈ ಗಿಡದ ಎಲೆಗಳ ಮೇಲೆ ಎಷ್ಟೊಂದು ಕೀಟಗಳು ಸತ್ತಿವೆಯೆಂದು ಆಶ್ಚರ್ಯಪಟ್ಟ ಅವರು, 15 ವರ್ಷಗಳ ಪರಿಶ್ರಮದ ಫಲವನ್ನು 1875ರಲ್ಲಿ ಗ್ರಂಥರೂಪವಾಗಿ ಹೊರತಂದರು. ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿಗಿಂತ ಕಡಮೆ ತೂಕದ ಕೂದಲಿನ ತುಣುಕನ್ನಿಟ್ಟರೂ ಕುಡಿಯು ಬಾಗುವುದೆಂದೂ, ಮೇಲಿನಿಂದ ಬೀಳುವ ನೀರಿನ ಹನಿಗೆ ಮಾತ್ರ ಬಾಗದೆಂದೂ ಅವರು ಕಂಡುಕೊಂಡರು. ಮಳೆಯ ಪ್ರತಿ ಹನಿಗೂ ಮೋಸಹೋಗುವ ಗಿಡವು ನಮ್ಮ ಮಲೆನಾಡಿನಲ್ಲಿ ಹೇಗೆ ತಾನೇ ಬಾಳೀತು? ಅವರ ಮಗ ಫ್ರಾನ್ಸಿಸ್ ಡಾರ್ವಿನ್ನರು ಕೆಲವು ಗಿಡಗಳಿಗೆ ಆಹಾರವನ್ನಿತ್ತು, ಕೆಲವಕ್ಕೆ ಕೊಡದೆ ಬೆಳೆಸಿ ನೋಡಲು, ಆಹಾರ ದೊರೆತವು ಎರಡು ಪಾಲಿಗಿಂತಲೂ ಹೆಚ್ಚು ಬೀಜವನ್ನು ಕೊಟ್ಟುವು.

ಹೆಣ್ಣುಮಕ್ಕಳ ಪಾಠಶಾಲೆಯ ಸಂಚಿಕೆಯಲ್ಲಿ ಮತ್ತೊಂದು ಹೆಸರನ್ನು ಬಿಡಲಾಗದು. ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನ ಮೇರಿ ಟ್ರೀಟ್ ಎಂಬಾಕೆ, ಪತ್ರಿಕೆಗಳಿಗೆ ಲೇಖನ ಬರೆದು ಜೀವನ ಸಾಗಿಸುತ್ತಾ, ಮನೆಯಲ್ಲಿಯೇ ಕೀಟಾಹಾರಿ ಗಿಡಗಳನ್ನು ಸಾಕಿ, ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಕಂಡುದನ್ನು ಡಾರ್ವಿನ್ನರಿಗೆ ಪತ್ರಮುಖೇನ ತಿಳಿಸುತ್ತಿದ್ದಳು. ಅವರು ತಮ್ಮ ಗ್ರಂಥದಲ್ಲಿ ಆಕೆಯ ಉಪಕಾರವನ್ನು ಸ್ಮರಿಸಿರುವರು. ಕಿಟಕಿಯ ಬಳಿಯ ಕುಂಡವೂ ಪ್ರಯೋಗಶಾಲೆಯಾಗಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಕೀಟವನ್ನು ತಿನ್ನುವುದೇಕೆ?

ಹಸುರು ಗಿಡಕ್ಕೆ ಬಿಸಿಲೇ ಅನ್ನ, ಇಬ್ಬನಿಗಿಡಕ್ಕೂ ಅದೇ. ಕೀಟದಿಂದ ಇದು ಪಡೆಯುವುದು ಶಕ್ತಿಯನ್ನಲ್ಲ, ಸಾರಜನಕ, ರಂಜಕ ಮೊದಲಾದ ಲವಣಗಳನ್ನು. ಧಾರಾಕಾರವಾಗಿ ಮಳೆ ಸುರಿಯುವ ಗುಡ್ಡಗಳಲ್ಲಿ ನೀರು ಈ ಲವಣಗಳನ್ನೆಲ್ಲಾ ತೊಳೆದುಕೊಂಡು ಹೋಗುವುದು. ಅಂತಹ ಬಡ ನೆಲದಲ್ಲಿ ಬೇರೆ ಗಿಡಗಳು ಸೊರಗುವುವು. ಇದಾದರೋ ಬೇರಿನಿಂದ ದೊರೆಯದುದನ್ನು ಎಲೆಯಿಂದ ಸಂಪಾದಿಸಿಕೊಳ್ಳುವುದು. ಅದರ ಬೇರು ಬಡತನಕ್ಕೆ ಒಗ್ಗಿದ ಬೇರು. ಅದಕ್ಕೆ ಗೊಬ್ಬರವನ್ನೂ ಉಪ್ಪಿನಂಶದ ನೀರನ್ನೂ ಕೊಟ್ಟರೆ ಬೇರು ಸುಟ್ಟುಹೋಗುವುದು. ನನ್ನ ಕುಂಡದಲ್ಲಿ ನಡೆದುದು ಇದೇ. ಪ್ರೀತಿಯಿದ್ದರೆ ಸಾಲದು, ಯಾರಿಗೆ ಏನು ಬೇಕೆಂಬ ತಿಳಿವಳಿಕೆಯೂ ಬೇಕು.

ಸಾಕುವ ಕ್ರಮ

1. ಬೀಜ. ಗಿಡವನ್ನು ಕೀಳದೆ ಬೀಜದಿಂದಲೇ ಆರಂಭಿಸತಕ್ಕದ್ದು. ನಿಮ್ಮ ಗದ್ದೆಯಲ್ಲಿಯೋ, ಅಪ್ಪಣೆ ಪಡೆದು ನೆರೆಯವರ ಗದ್ದೆಯಲ್ಲಿಯೋ ಬರ್ಮನೈ ಜಾತಿಯು ಸಮೃದ್ಧವಾಗಿ ಬೆಳೆದಿದ್ದರೆ, ಒಣಗಿದ ಒಂದೆರಡು ಕಾಯಿಗಳನ್ನು ಕಾಗದದ ಮೇಲೆ ಕೊಡವಿಕೊಳ್ಳಿರಿ. ಧೂಳಿನಂತಹ ಕಪ್ಪು ಬೀಜಗಳು ಬೇಕಾದಷ್ಟು ಬೀಳುವುವು. ಅವುಗಳನ್ನು ಒದ್ದೆಯಾದ ಕುಂಡದ ಮೇಲೆ ಉದುರಿಸಿದರೆ ಸಾಕು. ಮಣ್ಣು ಮುಚ್ಚಕೂಡದು, ಏಕೆಂದರೆ ಮೊಳೆಯಲು ಬೆಳಕು ಬೇಕು. ಕೆಲವು ವಾರಗಳಲ್ಲಿ ಸಾಸಿವೆಗಿಂತಲೂ ಸಣ್ಣ ಸಸಿಗಳು ಕಾಣುವುವು. ವರ್ಷವಿಡೀ ಬಾಳುವ ಗಿಡವು ಬೇಕೆನ್ನುವವರು, ಸಸ್ಯಾಗಾರದಲ್ಲಿಯೇ ಬೆಳೆಸಿದ ದಕ್ಷಿಣ ಆಫ್ರಿಕದ ಕೇಪೆನ್ಸಿಸ್ ಜಾತಿಯನ್ನು ತರಿಸಬಹುದು. ಕಿಟಕಿಯಲ್ಲಿ ಸಾಕಲು ಅದು ಬಹು ಸುಲಭ. ಗೆಡ್ಡೆಯ ಜಾತಿಯನ್ನು ಮನೆಯಲ್ಲಿ ಬೆಳೆಸುವುದು ಕಷ್ಟ. ಅದನ್ನು ಗುಡ್ಡದಲ್ಲಿಯೇ ನೋಡಿ ಸಂತೋಷಪಡುವುದು ಉತ್ತಮ.

2. ಕುಂಡ ಮತ್ತು ಮಣ್ಣು. ಹತ್ತು ಸೆಂಟಿಮೀಟರಿನ ಪ್ಲಾಸ್ಟಿಕ್ ಕುಂಡವು ಸಾಕು, ತಳದಲ್ಲಿ ರಂಧ್ರಗಳಿರಬೇಕು. ಪೀಟ್ ಎಂಬ ಜವುಗು ಮಣ್ಣು ಎರಡು ಪಾಲು, ತೊಳೆದ ಮರಳು ಒಂದು ಪಾಲು ಸೇರಿಸಿರಿ. ಪೀಟ್ ದೊರೆಯದಿದ್ದಲ್ಲಿ ತೆಂಗಿನ ನಾರಿನ ಪುಡಿಯನ್ನು ಮಳೆನೀರಿನಲ್ಲಿ ನಾಲ್ಕೈದು ಸಲ ನೆನೆಸಿ ಹಿಂಡಿ, ಉಪ್ಪನ್ನು ಕಳೆದು ಉಪಯೋಗಿಸಬಹುದು. ಮರಳಿಗೆ ಸ್ವಲ್ಪ ವಿನಿಗರ್ ಹಾಕಿ ನೋಡಿ. ನೊರೆ ಎದ್ದರೆ ಸುಣ್ಣವುಂಟೆಂದು ತಿಳಿದು ಅದನ್ನು ಬಿಡಬೇಕು. ತೋಟದ ಮಣ್ಣು, ಹಟ್ಟಿಗೊಬ್ಬರ, ಎರೆಗೊಬ್ಬರ, ಬೂದಿ ಇವು ಸರ್ವಥಾ ಕೂಡದು.

3. ನೀರು. ಮಳೆಯ ನೀರು, ಇಲ್ಲವೆ ಭಟ್ಟಿಯಿಳಿಸಿದ ನೀರು ಮಾತ್ರ. ನಮ್ಮ ಸೀಮೆಗೆ ಇದೊಂದು ದೊಡ್ಡ ಅನುಕೂಲ. ಮೊದಲ ಮಳೆಗಳು ಹೆಂಚನ್ನು ತೊಳೆದ ಮೇಲೆ, ಸೂರಿನ ನೀರನ್ನು ಪ್ಲಾಸ್ಟಿಕ್ ಪೀಪಾಯಿಯಲ್ಲಿ ಹಿಡಿದು, ಸೊಳ್ಳೆ ಸೇರದಂತೆ ಬಟ್ಟೆ ಕಟ್ಟಿ ಮುಚ್ಚಿಡಿರಿ. ಸಿಮೆಂಟಿನ ತೊಟ್ಟಿಯಲ್ಲಿ ಸುಣ್ಣದಂಶ ಸೇರುವುದರಿಂದ ಅದು ಬೇಡ. ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ಯಾವಾಗಲೂ ಇರುವಂತೆ ನೋಡಿಕೊಳ್ಳಬೇಕು. ಮೇಲಿನಿಂದ ಎರೆದು ಅಂಟನ್ನು ತೊಳೆಯಬಾರದು. ಆಲೂರಿನ ಕಡೆ ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಗಾಳಿಯು ಒಣಗುವುದರಿಂದ, ತಟ್ಟೆಯು ಅಗಲವಾದುದಾಗಿರುವುದು ಮೇಲು.

4. ಬೆಳಕು. ಕಪಾಟಿನ ಮೇಲೆ ಇಡತಕ್ಕ ಗಿಡವಲ್ಲವಿದು. ಪೂರ್ವದ ಅಥವಾ ದಕ್ಷಿಣದ ಕಿಟಕಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳಬೇಕು. ಸಕಲೇಶಪುರದ ಮಳೆಗಾಲದಲ್ಲಿ ಹಗಲೂ ಮಬ್ಬಾಗಿರುವುದರಿಂದ, ಬಿಳಿಯ ಎಲ್‌ಇಡಿ ದೀಪವನ್ನು ಗಿಡದಿಂದ ಒಂದು ಗೇಣಿನಷ್ಟು ಮೇಲೆ ತೂಗಹಾಕಿ, ದಿನಕ್ಕೆ 12 ಗಂಟೆಗಳ ಕಾಲ ಉರಿಸಿದರೆ ಒಳ್ಳೆಯದು. ಎಲೆಯು ಕೆಂಪಾಗಿ ಹನಿಗಳಿಂದ ತುಂಬಿದ್ದರೆ ಬೆಳಕು ಸಾಕೆಂದೂ, ಬಿಳಿಚಿ ಉದ್ದವಾಗಿ ಹನಿಯಿಲ್ಲದಿದ್ದರೆ ಸಾಲದೆಂದೂ ತಿಳಿಯತಕ್ಕದ್ದು.

5. ಆಹಾರ. ಕಿಟಕಿಯು ತೆರೆದಿದ್ದರೆ ಗಿಡವು ತನ್ನ ಊಟವನ್ನು ತಾನೇ ಹುಡುಕಿಕೊಳ್ಳುವುದು. ಮಕ್ಕಳು ನೋಡಬಯಸಿದರೆ ಎರಡು ಮೂರು ವಾರಕ್ಕೊಮ್ಮೆ ಒಂದು ಎಲೆಗೆ ಒಂದು ಸಣ್ಣ ಸೊಳ್ಳೆಯನ್ನು ಕೊಡಬಹುದು. ಅನ್ನ, ಹಾಲು, ಮಾಂಸದ ಚೂರು ಇವನ್ನಿಟ್ಟರೆ ಎಲೆಯು ಬೂಸಲು ಹಿಡಿದು ಕೊಳೆಯುವುದು. ಎಲೆಗಳನ್ನು ಬಾರಿಬಾರಿಗೂ ಮುಟ್ಟಿ ಆಟವಾಡಿಸುವುದೂ ಹಿಂಸೆಯೇ.

6. ರೋಗ. ಹಳೆಯ ಎಲೆಗಳು ಕಪ್ಪಾಗುವುದು ಸಹಜ. ಅವುಗಳನ್ನು ಕತ್ತರಿಸಿ ತೆಗೆಯಿರಿ. ಎಳೆಯ ಎಲೆಗಳು ಮುರುಟಿದರೆ ಗಿಡಹೇನು ಸೇರಿರಬಹುದು. ಕುಂಡವನ್ನು ಒಂದು ಹಗಲು ರಾತ್ರಿ ಮಳೆನೀರಿನಲ್ಲಿ ಪೂರ್ಣವಾಗಿ ಮುಳುಗಿಸಿಟ್ಟರೆ ಅವು ಸಾಯುವುವು. ಬರ್ಮನೈ ಗಿಡವು ಹೂ ಬಿಟ್ಟು ಕಾಯಾದ ಮೇಲೆ ಬಾಡಿದರೆ ದುಃಖಿಸಬೇಡಿರಿ. ಅದರ ಆಯುಸ್ಸೇ ಅಷ್ಟು. ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಾರೀಖು ಬರೆದಿಟ್ಟುಕೊಂಡರೆ ಮುಂದಿನ ಬೆಳೆಯು ನಿಮ್ಮ ಕೈಯಲ್ಲಿಯೇ ಇರುವುದು.

ಪೋಷಕರಿಗೆ ಎರಡು ಮಾತು

ಒಬ್ಬ ಅಜ್ಜಿಯವರು, “ಜೀವ ತಿನ್ನುವ ಗಿಡವನ್ನು ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಡಬಹುದೇ?” ಎಂದು ನನ್ನನ್ನು ಕೇಳಿದರು. ನಾನು, “ಅಮ್ಮಾ, ಸೊಳ್ಳೆಯನ್ನು ನಾವು ಹೊಡೆದು ಎಸೆಯುತ್ತೇವೆ, ಇದು ಅದರಿಂದ ಒಂದು ಹೂವನ್ನು ಮಾಡುತ್ತದೆ” ಎಂದೆನು. ಅವರು ನಕ್ಕು, ಕುಂಡವನ್ನು ತಮ್ಮ ಕಿಟಕಿಯಲ್ಲಿಯೇ ಇಡಿಸಿಕೊಂಡರು. ಇದು ಮನುಷ್ಯರ ಬೆರಳನ್ನೂ ಕಚ್ಚದು, ಮನೆಯ ಸೊಳ್ಳೆಗಳನ್ನೆಲ್ಲಾ ಮುಗಿಸಿಬಿಡಲೂ ಆರದು. ಅದರ ನಿಜವಾದ ಪ್ರಯೋಜನವು ಬೇರೆ: ತಾಳ್ಮೆಯಿಂದ ನೋಡುವುದನ್ನು ಕಲಿಸುವುದು.

ಕೊನೆಯದಾಗಿ, ಮೊದಲು ಹೇಳಿದ ಕಥೆಯ ಉಳಿದ ಭಾಗವನ್ನು ಹೇಳಬೇಕು. ಮರುವರ್ಷ ನಾನೂ ಆ ಹುಡುಗಿಯೂ ಬೀಜಕ್ಕಾಗಿ ಅದೇ ಸ್ಥಳಕ್ಕೆ ಹೋದೆವು. ನೀರು ಜಿನುಗುತ್ತಿದ್ದ ಆ ತಾವಿನ ಮೇಲೆ ರಸ್ತೆಯ ಕೆಲಸದ ಮಣ್ಣು ಆಳೆತ್ತರಕ್ಕೆ ಬಿದ್ದಿತ್ತು. ಒಂದು ಗಿಡವೂ ಇರಲಿಲ್ಲ. ವರ್ಷಕ್ಕೊಮ್ಮೆ ಬೀಜದಿಂದಲೇ ಹುಟ್ಟುವ ಗಿಡಕ್ಕೆ ಹೂ ಬಿಡುವ ಮೊದಲೇ ಕಿತ್ತುದೆಂದರೆ ಸಂತತಿಯನ್ನೇ ಕಿತ್ತಂತೆ. ನಾವು ಅಂದು ಒಂದು ಕಾಯಿಯ ಬೀಜವನ್ನು ಮಾತ್ರ ತಂದಿದ್ದರೆ, ಆ ತಾವಿನ ವಂಶವು ಈ ಹೊತ್ತು ನಮ್ಮ ಕಿಟಕಿಯಲ್ಲಾದರೂ ಉಳಿದಿರುತ್ತಿತ್ತು. ಮಣ್ಣು ಹಾಕಿದವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ನಾನು ಕೊಂದ ಹಿಡಿಯು ನೆನಪಿಗೆ ಬಂತು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ವಿಜ್ಞಾಪನೆ: ಕಾಯ್ದಿಟ್ಟ ಅರಣ್ಯದಿಂದ ಗಿಡವನ್ನಾಗಲಿ ಬೀಜವನ್ನಾಗಲಿ ತರಬೇಡಿರಿ, ಅದು ಕಾನೂನಿಗೂ ವಿರುದ್ಧ, ಪರದೇಶದ ಜಾತಿಗಳನ್ನು ಸಾಕುವುದಾದರೆ ಅವುಗಳ ಬೀಜವನ್ನು ನಮ್ಮ ಜೌಗು ನೆಲದಲ್ಲಿ ಚೆಲ್ಲಬೇಡಿರಿ, ನಿಮ್ಮ ಗದ್ದೆಯ ಮೂಲೆಯಲ್ಲಿ, ತೋಟದಂಚಿನ ಜಿನುಗಿನಲ್ಲಿ ಇಬ್ಬನಿಗಿಡವು ಇದ್ದರೆ ಆ ಒಂದು ಮೊಳ ನೆಲಕ್ಕೆ ಗೊಬ್ಬರವನ್ನೂ ಕಳೆನಾಶಕವನ್ನೂ ಹಾಕದೆ ಬಿಡಿರಿ. ನಿಮ್ಮ ಮಕ್ಕಳನ್ನು ಬೆಳಗ್ಗೆ ಒಂಬತ್ತು ಗಂಟೆಯ ಮೇಲೆ, ಇಬ್ಬನಿಯಾರಿದ ಹೊತ್ತಿನಲ್ಲಿ, ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿರಿ. ಆಗಲೂ ಆರದೆ ಉಳಿದ ಹನಿಯು ಯಾವುದೆಂದು ಅವರೇ ಕೇಳುವರು. ಪಾಠವು ಅಲ್ಲಿಂದ ಮೊದಲಾಗಲಿ.